ಮಳೆಗಾಲದ ಸಂಜೆ ಮಾತ್ರ ಟ್ರಿಪ್ ಆಗುವ ಮನೆ

ವೈರಿಂಗ್ ಕೆಲಸದಲ್ಲಿ ನನಗೆ ಇಷ್ಟದ ತಲೆನೋವು ಅಂದರೆ ಕಾರಣ ತೋರಿಸದೆ ಬೀಳುವ, ಅಂದರೆ ಟ್ರಿಪ್ ಆಗುವ ಆರ್‌ಸಿಸಿಬಿ. ಕರೆಂಟು ಸೋರಿದರೆ ತಾನಾಗಿ ಲೈನ್ ಕಟ್ ಮಾಡುವ ಸ್ವಿಚ್ ಅದು. ಹಳಬರು ಈಗಲೂ ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ನೋಡುವುದು ಅದರ ಕೆಲಸ. ಕಮ್ಮಿ ಬಂದರೆ ಎಲ್ಲೋ ಭೂಮಿಗೆ ಸೋರುತ್ತಿದೆ. ಮನೆಗೆ ಹಾಕುವುದು 30 ಮಿಲಿಆಂಪಿನದು. 30ಕ್ಕೆ ಬೀಳಲೇಬೇಕು. ಆದರೆ 15 ದಾಟಿದ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು. ಈ ಮಾತು ನೆನಪಿರಲಿ.

ಸಾಗರದ ಕಡೆಯ ಒಂದು ಮನೆ. ಮಳೆಗಾಲದಲ್ಲಿ ಮಾತ್ರ, ಅದೂ ಸಂಜೆ ಹೊತ್ತು ಕರೆಂಟು ಹೋಗುತ್ತಿತ್ತು. ಆಗಲೇ ಯಾರೋ ಹೊಸ ಆರ್‌ಸಿಸಿಬಿ ಹಾಕಿ ಹೋಗಿದ್ದರು. "ಗೀಸರೇ ಇರ್ಬೇಕು ಮಾರಾಯ್ರೆ" ಅಂದರು ಯಜಮಾನರು. ಮಗ ಇನ್ವರ್ಟರ್ ಅಂದ. ಊಹೆಗಳನ್ನು ಕೇಳಿಸಿಕೊಳ್ಳುತ್ತೇನೆ, ಆದರೆ ಅದನ್ನು ನಂಬಿ ಸ್ಕ್ರೂಡ್ರೈವರ್ ಎತ್ತುವುದಿಲ್ಲ. ಯಾವಾಗ ಬೀಳುವುದಿಲ್ಲ ಅಂತ ಕೇಳುತ್ತೇನೆ. ಬೆಳಿಗ್ಗೆ ಗೀಸರ್ ಹಾಕಿದಾಗ ಬೀಳುತ್ತಿರಲಿಲ್ಲ. ಹಾಗಾದರೆ ಅದೊಂದೇ ಕಾರಣ ಅಲ್ಲ, ಅಲ್ವಾ?

ಆಮೇಲೆ ಸರ್ಕ್ಯೂಟುಗಳನ್ನು ಅರ್ಧರ್ಧ ಮಾಡಿದೆ. ಇಲ್ಲೊಂದು ಎಚ್ಚರಿಕೆ. ಒಂದೊಂದು ಸರ್ಕ್ಯೂಟಿಗೂ ಇರುವ ಮಾಮೂಲಿ ಸಿಂಗಲ್ ಪೋಲ್ ಎಂಸಿಬಿ ಸ್ವಿಚ್ ಆಫ್ ಮಾಡಿದರೆ ಫೇಸ್ ಮಾತ್ರ ಕಟ್ ಆಗುತ್ತದೆ. ನ್ಯೂಟ್ರಲ್ ಎಲ್ಲಾದರೂ ಅರ್ತಿಂಗ್‌ಗೆ ತಾಗಿದ್ದರೆ ಎಂಸಿಬಿ ಇಳಿಸಿದರೂ ಟ್ರಿಪ್ ಆಗಬಹುದು. ಹಾಗಾಗಿ ಮೇನ್ ಆಫ್ ಮಾಡಿ, ನ್ಯೂಟ್ರಲ್ ವೈರುಗಳನ್ನೂ ಲಿಂಕ್‌ನಿಂದ, ಅಂದರೆ ಅವೆಲ್ಲ ಸೇರುವ ಪಟ್ಟಿಯಿಂದ ಬಿಚ್ಚಬೇಕು. ಬೇಜಾರಿನ ಕೆಲಸ. ಇದನ್ನು ಬಿಟ್ಟವರೇ ದಿನವಿಡೀ ಸುತ್ತುತ್ತಾರೆ.

ಮೊದಲರ್ಧ ಹಾಕಿದೆ, ಬೀಳದೆ ನಿಂತಿತು. ಅದನ್ನು ತೆಗೆದು ಎರಡನೇ ಅರ್ಧ ಹಾಕಿದೆ, ಅದೂ ನಿಂತಿತು. ಎರಡೂ ಸೇರಿಸಿದೆ, ಬಿತ್ತು!

ಅಂದರೆ ಕಳ್ಳ ಒಬ್ಬನಲ್ಲ. ಅರ್ಧ ಮಾಡುತ್ತಾ ಹೋಗುವುದು ಒಂದೇ ಕಡೆ ದೋಷ ಇದ್ದಾಗ ಚೆನ್ನಾಗಿ ನಡೆಯುತ್ತದೆ. ಇಲ್ಲಿ ಹುಡುಕುವುದನ್ನು ಬಿಟ್ಟು ಕೂಡಿಸಬೇಕಿತ್ತು. ಸೋರಿಕೆ ಅಳೆಯುವ ಕ್ಲ್ಯಾಂಪ್ ಮೀಟರನ್ನು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದು ಹಾಕಿ ಒಂದೊಂದೇ ಸರ್ಕ್ಯೂಟ್ ನೋಡಿದೆ. ಕಂಪ್ಯೂಟರ್, ವಾಷಿಂಗ್ ಮಷಿನ್ ಇವುಗಳ ಒಳಗಿನ, ಕರೆಂಟಿನ ಗದ್ದಲ ತಡೆಯುವ ಫಿಲ್ಟರ್ ಸರಿಯಿದ್ದರೂ ಒಂಚೂರು ಸೋರುತ್ತದೆ. ಅದು ದೋಷವಲ್ಲ. ಅಂಗಳದ ಲೈಟಿನ ಜಂಕ್ಷನ್ ಬಾಕ್ಸಿಗೆ ನೀರು ಇಳಿದಿತ್ತು. ಸಂಪಿನ ಮೋಟರಿನ ಕೇಬಲ್ ಜಾಯಿಂಟಿನ ಟೇಪ್ ಸಡಿಲವಾಗಿತ್ತು. ಯಾವುದೂ ತಾನಾಗಿ 15 ಮುಟ್ಟುತ್ತಿರಲಿಲ್ಲ. ಸಂಜೆ ಅಂಗಳದ ಲೈಟು, ಮೋಟರು, ಮಗನ ಕಂಪ್ಯೂಟರು ಎಲ್ಲ ಒಟ್ಟಿಗೆ ಓಡುವಾಗ ಮಾತ್ರ ಮೊತ್ತ 20ರ ಹತ್ತಿರ ಹೋಗುತ್ತಿತ್ತು.

"ಸುಮ್ನೆ ಆ ಡಬ್ಬಿ ಬೈಪಾಸ್ ಮಾಡಿಬಿಡಿ" ಅಂದರು ಯಜಮಾನರು. ಅದನ್ನು ನಾನು ಯಾರ ಮನೆಯಲ್ಲೂ ಮಾಡುವುದಿಲ್ಲ. ಅಂಗಳದ ಜಂಕ್ಷನ್ ಬಾಕ್ಸ್ ಬದಲಿಸಿ, ವೈರು ಒಳಹೋಗುವ ಕಡೆ ನೀರು ಇಳಿಯದಂತೆ ಗ್ಲ್ಯಾಂಡ್ ಹಾಕಿದೆ. ಮೋಟರಿನ ಜಾಯಿಂಟ್ ಹೊಸದಾಗಿ ಮಾಡಿದೆ. ಹೊರಗಿನ ಸರ್ಕ್ಯೂಟುಗಳಿಗೆ ಬೇರೆ ಆರ್‌ಸಿಸಿಬಿ, ಅದಕ್ಕೆ ಬೇರೆಯದೇ ನ್ಯೂಟ್ರಲ್ ಲಿಂಕ್ ಕೊಟ್ಟೆ. ನ್ಯೂಟ್ರಲ್ ಬೆರೆತರೆ ಎರಡೂ ಬೀಳುತ್ತವೆ. ಕೊನೆಗೆ ಪ್ರತಿ ಸರ್ಕ್ಯೂಟಿನ ಮಿಲಿಆಂಪನ್ನು ಚೀಟಿಯಲ್ಲಿ ಬರೆದು, ಈ ಸ್ವಿಚ್ಚುಗಳೆಲ್ಲ ಇರುವ ಡಿಬಿ ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿದೆ. ಮುಂದೆ ಯಾರೇ ಬಂದರೂ ಯಾವುದು ಏರಿದೆ ಅಂತ ಅಲ್ಲಿಂದಲೇ ನೋಡಬಹುದು.