ಮ್ಯಾಡ್ ಮ್ಯಾಕ್ಸ್ ಬೋರ್ ಹೊಡೆಯುತ್ತದೆ ಅನ್ನುವವರಿಗೆ: ನಾನು ಆಡಿ ಮುಗಿಸಿದ ಕ್ರಮ

ಅವಲಾಂಚ್ ಸ್ಟುಡಿಯೋಸ್‌ನ ಮ್ಯಾಡ್ ಮ್ಯಾಕ್ಸ್ ಗೇಮ್ ಬಂದದ್ದು 2015ರ ಸೆಪ್ಟೆಂಬರ್ 1ರಂದು, ಮೆಟಲ್ ಗೇರ್ ಸಾಲಿಡ್ 5 ಎಂಬ ಇನ್ನೊಂದು ದೊಡ್ಡ ಗೇಮ್ ಬಂದ ದಿನವೇ. ಸಿನಿಮಾ ಹೆಸರಿನ ಗೇಮ್ ಎಂಬ ಅನುಮಾನವೂ ಜೊತೆಗಿತ್ತು. ವಿಮರ್ಶಕರು ನೂರಕ್ಕೆ 70ರ ಆಸುಪಾಸು ಅಂಕ ಕೊಟ್ಟು ಮುಂದೆ ಹೋದರು. ಆಡಿದವರ ಅಭಿಪ್ರಾಯ ಬೇರೆ. ಪಿಸಿ ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮೆಚ್ಚಿದ್ದಾರೆ. ಆದರೆ ಹೊಗಳಿದವರೂ ತೆಗಳಿದವರೂ ಒಂದು ಮಾತು ತಪ್ಪದೆ ಹೇಳುತ್ತಾರೆ: ಗಾಡಿ ಓಡಿಸೋದು ಸೊಗಸು, ಮರುಭೂಮಿ ಸೊಗಸು, ಆದರೆ ಅರ್ಧ ದಾರಿಗೆ ಮಾಡಿದ್ದನ್ನೇ ಮಾಡಬೇಕಾಗುತ್ತದೆ.

ಆ ದೂರು ಸುಳ್ಳಲ್ಲ. ಆದರೆ ಅದು ಗೇಮಿಗಿಂತ ಹೆಚ್ಚಾಗಿ ಆಡುವ ಕ್ರಮಕ್ಕೆ ಅಂಟಿದ ದೂರು. ನಾನಿದನ್ನು ಹೇಳಿದಾಗೆಲ್ಲ, ಕ್ರಮ ಬದಲಿಸಿದರೆ ಶತ್ರುಗಳ ಕ್ಯಾಂಪ್ ಬದಲಾಗುತ್ತದಾ ಅಂತ ಕೇಳಿದವರೇ ಜಾಸ್ತಿ. ಕ್ಯಾಂಪ್ ಬದಲಾಗೋದಿಲ್ಲ, ಕ್ಯಾಂಪಿಗೆ ಹೋಗುವ ಗಾಡಿ ಬದಲಾಗುತ್ತದೆ. ಈ ಕ್ರಮದಲ್ಲಿ ಸುಮಾರು 40 ಗಂಟೆಯಲ್ಲಿ ಕಥೆ ಮುಗಿಯಿತು, ನಾಲ್ಕೂ ಸ್ಟ್ರಾಂಗ್‌ಹೋಲ್ಡ್ (ಮಿತ್ರ ನಾಯಕರ ಕೋಟೆಗಳು) ಬೇಕಾದಷ್ಟು ಎದ್ದು ನಿಂತವು, ಕೊನೆಯವರೆಗೂ ಕೈ ಜಡವಾಗಲಿಲ್ಲ. ಮ್ಯಾಪಿನ ಎಲ್ಲ ಐಕಾನ್ ಒರೆಸುತ್ತ ಹೋದವರು 60 ಗಂಟೆ ದಾಟಿಸಿ, ಕೊನೆಯ ಮಿಷನ್ ಹೊತ್ತಿಗೆ ಸುಸ್ತಾಗಿರುತ್ತಾರೆ.

ಇದು ಕೆಡುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಮೊದಲ ಮಿತ್ರ ನಾಯಕ ಜೀಟ್‌ನ ಪ್ರದೇಶದಲ್ಲೇ ಕೂತು, ಕಂಡ ಪ್ರತಿ ಸ್ಕ್ಯಾವೆಂಜಿಂಗ್ (ಗುಜರಿ ಹುಡುಕುವ) ಜಾಗವನ್ನು ಬಾಚಿಕೊಂಡೇ ಮುಂದೆ ಹೋಗೋದು. ಈ ಸಣ್ಣ ಜಾಗಗಳಲ್ಲಿ ಒಂದೊಂದು ರಾಶಿಗೆ ಸಿಗುವ ಸ್ಕ್ರ್ಯಾಪ್, ಅಂದರೆ ಈ ಗೇಮಿನ ದುಡ್ಡು, ಬರೀ ಚಿಲ್ಲರೆ. ಗಾಡಿ ನಿಲ್ಲಿಸಿ, ಇಳಿದು, ನಾಲ್ಕು ಜನರನ್ನು ಹೊಡೆದು, ಮೂಲೆಮೂಲೆ ಹುಡುಕಿ, ಹತ್ತುವಷ್ಟರಲ್ಲಿ ನಾಲ್ಕೈದು ನಿಮಿಷ ಹೋಗಿರುತ್ತದೆ. ಮೇಲಿನ ಹಂತದ ಇಂಜಿನ್, ಆರ್ಮರ್‌ಗಳ ಬೆಲೆ ನಾಲ್ಕಂಕಿಗೆ ಏರುತ್ತದೆ. ಚಿಲ್ಲರೆ ಕೂಡಿಸಿ ಅದನ್ನು ಕೊಳ್ಳಲು ಹೊರಟರೆ ಬೇಸರ ಬರದೆ ಇನ್ನೇನು?

ಎರಡನೆಯದು ಇದರ ತದ್ವಿರುದ್ಧ. ಕಥೆ ಹಿಡಿದು ಓಡೋದು. ಕಥೆ ಕೊನೆಗೆ ಕರೆದೊಯ್ಯುವ ಊರು ಗ್ಯಾಸ್‌ಟೌನ್ ಕಡೆ ಹೋಗುವಾಗ ಗೇಮ್ ತಡೆದು, ಇಂಥ ಅಪ್‌ಗ್ರೇಡ್ ಇದ್ದರೆ ಮಾತ್ರ ಮುಂದೆ ಅನ್ನುತ್ತದೆ. ಆಗ ಸ್ಕ್ರ್ಯಾಪ್ ಇಲ್ಲ, ಥ್ರೆಟ್ ಲೆವೆಲ್ (ಪ್ರದೇಶದ ಮೇಲೆ ಶತ್ರುವಿನ ಹಿಡಿತ) ಇಳಿಸದ್ದರಿಂದ ಆ ಅಪ್‌ಗ್ರೇಡಿನ ಬೀಗವೂ ತೆರೆದಿಲ್ಲ. ಹಿಂದೆ ಬಂದು ಬಲವಂತಕ್ಕೆ ಕ್ಯಾಂಪ್ ಹೊಡೆಯಬೇಕು. ಇಷ್ಟವಿಲ್ಲದೆ ಮಾಡಿದ ಕೆಲಸ ಬೇಸರವಾಗಿಯೇ ಕಾಣುತ್ತದೆ. ನಕಾರಾತ್ಮಕ ಅಭಿಪ್ರಾಯಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟಿದ್ದು ಅಂತ ಓದಿದರೇ ಗೊತ್ತಾಗುತ್ತದೆ.

ನನ್ನ ಕ್ರಮದಲ್ಲಿ ಹೊಸ ಪ್ರದೇಶಕ್ಕೆ ಹೋದ ಕೂಡಲೇ ಬಲೂನ್. ಬಲೂನ್ ಏರಿ ದುರ್ಬೀನಿನಲ್ಲಿ ಸುತ್ತ ಗುರುತು ಹಾಕಿಕೊಂಡರೆ ಸಾಕು, ಕೆಳಗಿಳಿದು ಎಲ್ಲದರ ಹಿಂದೆ ಓಡಬೇಕಾಗಿಲ್ಲ. ಮ್ಯಾಪಿನಲ್ಲಿ ಜಾಗದ ಮೇಲೆ ಕರ್ಸರ್ ಇಟ್ಟು ಒಳಗೇನಿದೆ ಅಂತ ನೋಡಿ. ಪ್ರಾಜೆಕ್ಟ್ ಭಾಗ, ಅಂದರೆ ಸ್ಟ್ರಾಂಗ್‌ಹೋಲ್ಡಿನಲ್ಲಿ ಅನುಕೂಲ ಕಟ್ಟಲು ಬೇಕಾದ ಬಿಡಿಭಾಗ, ಇರುವ ಜಾಗಕ್ಕೆ ಮಾತ್ರ ಹೋಗಿ. ಉಳಿದವು ದಾರಿಯಲ್ಲಿ ಸಿಕ್ಕರೆ ಸಿಗಲಿ.

ಸ್ಟ್ರಾಂಗ್‌ಹೋಲ್ಡಿನ ಪ್ರಾಜೆಕ್ಟುಗಳಲ್ಲಿ ಮೊದಲು ಕ್ಲೀನಪ್ ಕ್ರೂ. ಇದರಲ್ಲಿ ರಾಜಿ ಇಲ್ಲ. ಕ್ಲೀನಪ್ ಕ್ರೂ ಇಲ್ಲದಿದ್ದರೆ ನೀವು ಒಡೆದ ಗಾಡಿಯ ಸ್ಕ್ರ್ಯಾಪ್‌ಗಾಗಿ ಪ್ರತಿ ಸಲ ನಿಲ್ಲಿಸಿ ಇಳಿಯಬೇಕು. ಇದ್ದರೆ ಒಡೆದು ಹಾಗೇ ಮುಂದೆ ಹೋಗಬಹುದು, ಸ್ಕ್ರ್ಯಾಪ್ ಖಾತೆಗೆ ಬರುತ್ತದೆ. ಈ ಗೇಮಿನ ಜೀವ ಇರೋದು ಓಡುತ್ತಿರುವ ಗಾಡಿಯಲ್ಲಿ. ಆ ಓಟವನ್ನು ಪದೇ ಪದೇ ಕಡಿಯುವುದೇ ಬೇಸರದ ಮೂಲ, ಕ್ಲೀನಪ್ ಕ್ರೂ ಆ ಕಡಿತವನ್ನು ತೆಗೆದುಹಾಕುತ್ತದೆ. ಇದು ಪ್ರದೇಶಕ್ಕೊಂದು ಬೇಕು. ಜೀಟ್‌ನ ಲೈಟ್‌ಹೌಸಿನಲ್ಲಿ ಕಟ್ಟಿದ್ದು ಇನ್ನೊಬ್ಬ ನಾಯಕ ಗಟ್‌ಗ್ಯಾಶ್‌ನ ಹಡಗಿನ ಸುತ್ತಲಿನ ನೆಲಕ್ಕೆ ಕೆಲಸ ಮಾಡೋದಿಲ್ಲ. ಹಾಗಾಗಿ ಪ್ರತಿ ಕಡೆಯೂ ಮೊದಲ ಬಿಡಿಭಾಗಗಳು ಇದಕ್ಕೇ ಹೋಗಬೇಕು.

ಎರಡನೆಯದು ಆರ್ಮರಿ. ಸ್ಟ್ರಾಂಗ್‌ಹೋಲ್ಡಿಗೆ ಬಂದಾಗ ಗುಂಡು ತುಂಬಿಕೊಡುತ್ತದೆ. ನೀರು, ಹುಳದ ಸಾಕಣೆ, ಎಣ್ಣೆ ಬಾವಿ, ಇವೆಲ್ಲ ನಿಧಾನಕ್ಕೆ ಆದರೂ ನಡೆಯುತ್ತದೆ. ಇಂಧನ ಖಾಲಿಯಾಗಿ ನಿಂತೆವು ಅನ್ನುವ ಪರಿಸ್ಥಿತಿ ಬರುವುದು ಅಪರೂಪ, ಹಿಂದೆ ಒಂದು ಕ್ಯಾನ್ ಇಟ್ಟುಕೊಂಡಿದ್ದರೆ ಸಾಕು.

ಆಮೇಲೆ ಕ್ಯಾಂಪುಗಳು. ಗೆದ್ದ ಕ್ಯಾಂಪ್ ಆಮೇಲೂ ಆಗಾಗ ಸ್ಕ್ರ್ಯಾಪ್ ಕಳಿಸುತ್ತಲೇ ಇರುತ್ತದೆ, ಹಾಗಾಗಿ ಇದನ್ನು ಬಂಡವಾಳ ಅಂತ ನೋಡಿ. ಒಂದು ಪ್ರದೇಶದಲ್ಲಿ ಎರಡು ಮೂರು ಕ್ಯಾಂಪ್ ಬೇಗ ಬಿದ್ದರೆ ಮುಂದಿನ ಅಪ್‌ಗ್ರೇಡ್ ದುಡ್ಡು ತನ್ನಷ್ಟಕ್ಕೆ ಕೂಡುತ್ತದೆ. ಕೊನೆಗೆ ಹೊಡೆದ ಕ್ಯಾಂಪ್ ಬರೀ ಟಿಕ್ ಮಾರ್ಕ್. ಮರುಭೂಮಿಯಲ್ಲಿ ಸಿಗುವ ನಿಗೂಢ ಅಲೆಮಾರಿ ಗ್ರಿಫಾ ಕೊಡುವ ಶಕ್ತಿಗಳಲ್ಲೂ ಇದೇ ಲೆಕ್ಕ: ಮೊದಲ ಟೋಕನ್‌ಗಳು ಅಟ್ರಾಕ್ಟರ್‌ಗೆ, ಅಂದರೆ ಸಿಗುವ ಸ್ಕ್ರ್ಯಾಪ್ ಹೆಚ್ಚಿಸುವುದಕ್ಕೆ. ಪ್ರಾಣ ಹೆಚ್ಚಿಸುವ ಲಾಂಜೆವಿಟಿಗೆ ಸುರಿಯುವವರು ಬಹಳ. ಹೊಡೆದಾಟ ಪ್ಯಾರಿ (ಸರಿಯಾದ ಕ್ಷಣಕ್ಕೆ ಹೊಡೆತ ತಡೆಯೋದು) ಮೇಲೆ ನಿಂತಿದೆ, ಟೈಮಿಂಗ್ ಕುದುರಿದರೆ ಮೊದಲರ್ಧದಲ್ಲಿ ಪ್ರಾಣದ ಉದ್ದ ಅಷ್ಟೇನೂ ಬೇಕಾಗೋದಿಲ್ಲ.

ಕ್ಯಾಂಪಿನ ಹೊರಗಿನ ಕೆಲಸ ನನಗೆ ಈ ಗೇಮಿನಲ್ಲೇ ಹೆಚ್ಚು ಇಷ್ಟ. ದೂರದಲ್ಲಿ ಗಾಡಿ ನಿಲ್ಲಿಸಿ, ಗಾಡಿಗೆ ಕಟ್ಟಿದ ಸ್ನೈಪರ್‌ನಲ್ಲಿ ಗೋಪುರದವನನ್ನು ಹೊಡೆಯಿರಿ. ಗುಂಡು ಉಳಿಸಬೇಕಾದರೆ ಹಾರ್ಪೂನ್ (ಗಾಡಿಯಿಂದ ಎಸೆಯುವ ಹಗ್ಗದ ಈಟಿ) ಹಾಕಿ ಗೋಪುರವನ್ನೇ ಎಳೆದು ಬೀಳಿಸಿ. ಆಮೇಲೆ ಗೇಟಿಗೆ ಹಾರ್ಪೂನ್ ಕೊಕ್ಕೆ ಸಿಕ್ಕಿಸಿ ರಿವರ್ಸ್ ತೆಗೆದುಕೊಳ್ಳಿ. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಏನೆಂದರೆ ಓರೆಯಾಗಿ ಎಳೆಯೋದು. ಹಗ್ಗ ಬಿಗಿಯಾಗುತ್ತದೆ, ಗಾಡಿ ಪಕ್ಕಕ್ಕೆ ಜಾರುತ್ತದೆ, ಗೇಟ್ ಅಲ್ಲೇ ನಿಂತಿರುತ್ತದೆ. ನೇರ ಹಿಂದಕ್ಕೆ, ಗಟ್ಟಿ ನೆಲದ ಮೇಲೆ ಎಳೆದರೆ ಕೆಲಸ ಮುಗಿಯಿತು. ಹಾರ್ಪೂನ್ ಅಪ್‌ಗ್ರೇಡ್ ಸಾಲದಿದ್ದರೆ ದೊಡ್ಡ ಗೇಟು, ದೊಡ್ಡ ಸ್ಕೇರ್‌ಕ್ರೋ (ಶತ್ರುಗಳು ನೆಟ್ಟ ಎತ್ತರದ ಬೆದರುಕಂಬ) ಜಗ್ಗೋದೇ ಇಲ್ಲ. ಹಾಗಾಗಿ ಸ್ಕ್ರ್ಯಾಪಿನ ಮೊದಲ ದೊಡ್ಡ ಖರ್ಚು ಹಾರ್ಪೂನ್, ಎರಡನೆಯದು ಇಂಜಿನ್. ಆರ್ಮರ್ ಮೂರನೆಯದು.

ಒಳಗೆ ಹೋದ ಮೇಲೆ ಮೇಲೆ ನೇತಾಡುತ್ತ ಡೋಲು ಬಡಿಯುವ ವಾರ್ ಕ್ರೈಯರ್ ಕಂಡರೆ ಬೇರೆ ಯಾರನ್ನೂ ಮುಟ್ಟಬೇಡಿ. ಅವನು ಕೂಗುತ್ತಿರುವಷ್ಟು ಹೊತ್ತು ಉಳಿದವರ ಕಸುವು ಜಾಸ್ತಿ. ಶಾಟ್‌ಗನ್ನಿನ ಒಂದು ಗುಂಡನ್ನು ಅವನಿಗೆ ಅಂತಲೇ ಮೀಸಲಿಡಿ. ಹೊರಗಿನಿಂದಲೇ ಕಾಣುವಂತಿದ್ದರೆ ಸ್ನೈಪರ್ ಇನ್ನೂ ಒಳ್ಳೆಯದು. ಕೆಲವು ಕ್ಯಾಂಪುಗಳ ಮುಖ್ಯಸ್ಥರಾದ ಟಾಪ್ ಡಾಗ್‌ಗಳ ಬಗ್ಗೆ ಬಂದಿರುವ ಟೀಕೆಯನ್ನು ನಾನು ಒಪ್ಪುತ್ತೇನೆ. ಹೆಸರು ಬೇರೆ, ವೇಷ ಬೇರೆ, ಹೊಡೆತ ಮಾತ್ರ ಹೆಚ್ಚುಕಡಿಮೆ ಒಂದೇ. ಪ್ಯಾರಿಗೆ ಸಿಗದ ಭಾರೀ ಹೊಡೆತ ಬಂದಾಗ ಉರುಳಿ ತಪ್ಪಿಸಿಕೊಂಡು ಬೆನ್ನಿಗೆ ಎರಡು ಮೂರು ಬಿಗಿಯೋದು, ಮತ್ತೆ ದೂರ ಸರಿಯೋದು. ದುರಾಸೆಗೆ ನಾಲ್ಕನೆಯ ಹೊಡೆತ ಹಾಕಲು ಹೋದರೆ ಅವನು ತಿರುಗಿರುತ್ತಾನೆ. ಟಾಪ್ ಡಾಗ್ ಕ್ಯಾಂಪುಗಳನ್ನು ಬೆನ್ನುಬೆನ್ನಿಗೆ ಮಾಡಬೇಡಿ. ನಡುವೆ ಆಯಿಲ್ ಪಂಪ್ ಅಥವಾ ಟ್ರಾನ್ಸ್‌ಫರ್ ಟ್ಯಾಂಕ್ ಕ್ಯಾಂಪ್ ಒಂದು ಇರಲಿ. ಈ ಸಣ್ಣ ಬದಲಾವಣೆಯೇ ಬೇಸರವನ್ನು ಅರ್ಧ ಇಳಿಸುತ್ತದೆ.

ಕಾನ್ವಾಯ್‌ಗಳು, ಅಂದರೆ ಶತ್ರು ಗಾಡಿಗಳ ಸಾಲುಗಳು, ನನ್ನ ಪ್ರಕಾರ ಗೇಮಿನ ಕಿರೀಟ. ಅವು ಒಂದೇ ದಾರಿಯಲ್ಲಿ ಸುತ್ತುತ್ತಿರುತ್ತವೆ. ಮುಖ್ಯ ಗಾಡಿ ಒಡೆದರೆ ಹುಡ್ ಆರ್ನಮೆಂಟ್ (ಗಾಡಿಯ ಬಾನೆಟ್ ಮೇಲಿನ ಅಲಂಕಾರ) ಸಿಗುತ್ತದೆ, ಒಂದೊಂದಕ್ಕೂ ಒಂದೊಂದು ಅನುಕೂಲ. ಹಿಂದಿನಿಂದ ಸೇರಿಕೊಳ್ಳಿ, ಎದುರಿನಿಂದ ಬೇಡ. ಕಾವಲಿನ ಗಾಡಿಗಳ ಗಾಲಿಯನ್ನು ಹಾರ್ಪೂನಿನಲ್ಲಿ ಕಿತ್ತರೆ ಸಾಕು, ಅವು ಹಿಂದೆ ಬೀಳುತ್ತವೆ. ಪೂರ್ತಿ ಒಡೆಯುತ್ತ ನಿಂತರೆ ಮುಖ್ಯ ಗಾಡಿ ದಾಟಿ ಹೋಗುತ್ತದೆ. ಗಾಡಿ ಮೇಲೆ ಹಾರಿ ಬರುವವರಿಗೆ ಮುಳ್ಳುಗಳನ್ನು ಮೊದಲೇ ಹಾಕಿಸಿ. ಸಿಡಿಯುವ ಹಾರ್ಪೂನ್ ಆದ ಥಂಡರ್‌ಪೂನ್ ಬಂದ ಮೇಲೆ ಈ ಕೆಲಸ ಬಹಳ ಸಲೀಸು. ಆದರೆ ಅದು ಬರುವ ಮುಂಚೆಯೇ ಒಂದೆರಡು ಕಾನ್ವಾಯ್ ಮುಗಿಸಲು ನನಗೊಂದು ಉಪಾಯ ಇದೆ, ದಾರಿಯ ತಿರುವುಗಳನ್ನು ಬಳಸಿಕೊಳ್ಳುವಂಥದು. ಅದನ್ನಿಲ್ಲಿ ಬಿಡಿಸಿ ಹೇಳುವುದಿಲ್ಲ. ಸ್ವಂತ ಕಂಡುಕೊಂಡರೇ ಅದರ ಖುಷಿ.

ಪಕ್ಕದ ಪ್ರಯೋಗಗಳಲ್ಲಿ ಫಲ ಕೊಟ್ಟದ್ದು ಹಗುರ ಗಾಡಿ. ಆರ್ಮರ್ ಹಾಕಿದಷ್ಟೂ ತೂಕ ಏರಿ, ವೇಗ ಮತ್ತು ಹಿಡಿತ ಎರಡೂ ಇಳಿಯುತ್ತವೆ. ಎಲ್ಲರೂ ಸಿಕ್ಕಿದ ಆರ್ಮರ್ ಎಲ್ಲ ಹೇರುತ್ತಾರೆ. ನಾನು ಮಧ್ಯದ ಹಂತದಲ್ಲಿ ನಿಲ್ಲಿಸಿ, ಉಳಿದ ಸ್ಕ್ರ್ಯಾಪನ್ನು ಸಸ್ಪೆನ್ಷನ್, ಟೈರು, ಎಕ್ಸಾಸ್ಟಿಗೆ ಹಾಕಿದೆ. ಮರಳು ದಿಬ್ಬದ ಮೇಲೆ ಗಾಡಿ ಹೇಳಿದ ಮಾತು ಕೇಳುತ್ತದೆ. ಪೆಟ್ಟು ಬಿದ್ದರೂ ಒಂದು ಕಡೆ ನಿಲ್ಲಿಸಿದರೆ ಜೊತೆಗಿರುವ ಮೆಕ್ಯಾನಿಕ್ ಚಮ್‌ಬಕೆಟ್ ರಿಪೇರಿ ಮಾಡುತ್ತಾನೆ, ಬೆಂಕಿ ಹತ್ತುವ ಮುಂಚೆ ನಿಲ್ಲಿಸುವ ಶಿಸ್ತು ಬೇಕು ಅಷ್ಟೆ.

ಇನ್ನೊಂದು ಬಿರುಗಾಳಿ. ಬಹಳ ಜನ ಬಿರುಗಾಳಿ ಎದ್ದ ಕೂಡಲೇ ಸ್ಟ್ರಾಂಗ್‌ಹೋಲ್ಡಿಗೆ ಓಡುತ್ತಾರೆ. ಅದರೊಳಗೆ ಹಾರಿಬರುವ ಪೆಟ್ಟಿಗೆಗಳನ್ನು ಹಾರ್ಪೂನಿನಲ್ಲಿ ಹಿಡಿದರೆ ಸಣ್ಣ ಜಾಗಗಳನ್ನು ಸಾಲಾಗಿ ಬಾಚಿದ್ದಕ್ಕಿಂತ ಹೆಚ್ಚು ಸ್ಕ್ರ್ಯಾಪ್. ಗಾಡಿಯಿಂದ ಇಳಿದರೆ ಮಾತ್ರ ಪ್ರಾಣ ಹೋಗುತ್ತದೆ, ಮಿಂಚೂ ಹೊಡೆಯುತ್ತದೆ. ಪೆಟ್ಟಿಗೆ ಹಿಡಿದ ಮೇಲೆ ಬಂಡೆಯ ಮರೆಗೆ ಸರಿದು, ಗಾಡಿಯ ಮೂತಿಯನ್ನು ಗಾಳಿ ಬೀಸುವ ಕಡೆಗೆ ತಿರುಗಿಸಿ ನಿಲ್ಲಿ. ಪೆಟ್ಟಿಗೆಗಳು ಯಾವ ಹೊತ್ತಿಗೆ ಹೆಚ್ಚು ಕಾಣುತ್ತವೆ ಎಂಬುದೂ ನನ್ನ ಹತ್ತಿರವೇ ಇರಲಿ.

ದುಡ್ಡಿನ ಮಾತು: ಸೇಲ್ ಬಂದಾಗ ಬೆಲೆ ಕಾಲುಭಾಗದ ಆಸುಪಾಸಿಗೆ ಇಳಿಯುತ್ತದೆ, ಪೂರ್ತಿ ಬೆಲೆ ಕೊಡುವ ಅಗತ್ಯವೇ ಇಲ್ಲ. ಬಣ್ಣ, ಆರ್ನಮೆಂಟ್ ಕೊಡುವ ಹೆಚ್ಚುವರಿ ಪ್ಯಾಕುಗಳಿಗೆ ಖರ್ಚು ಮಾಡಬೇಡಿ, ಆಟಕ್ಕೆ ಅವು ಏನೂ ಸೇರಿಸೋದಿಲ್ಲ. ಪಿಸಿಯಲ್ಲಿ ಸಾಧಾರಣ ಗ್ರಾಫಿಕ್ಸ್ ಕಾರ್ಡಿನಲ್ಲೂ 60 ಫ್ರೇಮ್ ನಿಲ್ಲುತ್ತದೆ. ಈ ವಿಷಯದಲ್ಲಿ ಆಟಗಾರರ ಹೊಗಳಿಕೆ ನೂರಕ್ಕೆ ನೂರು ನಿಜ.

ಮೈನ್‌ಫೀಲ್ಡ್ (ನೆಲದಲ್ಲಿ ಬಾಂಬ್ ಹೂತಿಟ್ಟ ಜಾಗ) ಒಂದು ಉಳಿಯಿತು. ಇದನ್ನು ಪ್ರತಿ ಪ್ರದೇಶದ ಕೊನೆಗೆ ಇಡಿ, ಥ್ರೆಟ್ ಇನ್ನೊಂದು ಹಂತ ಇಳಿಸಬೇಕಾದರೆ ಮಾತ್ರ ಮುಟ್ಟಿ. ಮೈನ್ ಹುಡುಕಲು ಡಿಂಕಿ-ಡಿ ನಾಯಿ ಬೇಕು, ನಾಯಿ ಕೂರೋದು ಚಮ್‌ಬಕೆಟ್‌ನ ಬಗ್ಗಿಯಲ್ಲಿ ಮಾತ್ರ. ಆ ಬಗ್ಗಿಗೆ ಬಲವಿಲ್ಲ, ದಾರಿಯಲ್ಲಿ ಯಾರಾದರೂ ಅಟ್ಟಿಸಿಕೊಂಡು ಬಂದರೆ ತಿರುಗಿ ಹೊಡೆಯುವ ಸಾಮರ್ಥ್ಯವೂ ಇಲ್ಲ. ಅದಕ್ಕೇ ಮೊದಲು ಶತ್ರು ಸ್ನೈಪರ್‌ಗಳು, ಸ್ಕೇರ್‌ಕ್ರೋ, ಕಾನ್ವಾಯ್ ಎಲ್ಲ ಮುಗಿಸಿ ದಾರಿ ಖಾಲಿ ಮಾಡಿಕೊಂಡಿರಬೇಕು. ಹತ್ತಿರದ ಬಲೂನಿಗೆ ಫಾಸ್ಟ್ ಟ್ರಾವೆಲ್ ಮಾಡಿ, ಮೈನ್‌ಫೀಲ್ಡಿನ ಅಂಚು ಬರುತ್ತಿದ್ದಂತೆ ವೇಗ ಪೂರ್ತಿ ಇಳಿಸಿ. ನಾಯಿ ಬೊಗಳಿ ಮೂತಿ ತಿರುಗಿಸಿದ ಕಡೆ ತೆವಳುವಷ್ಟು ನಿಧಾನ ಹೋಗಿ, ಇಳಿದು ಮೈನ್ ಬಿಚ್ಚಿ. ಒಂದು ಜಾಗಕ್ಕೆ ಮೂರು ಇರುತ್ತವೆ ಅಂತ ನೆನಪು. ಒಂದು ಸಿಕ್ಕ ಖುಷಿಯಲ್ಲಿ ಆಕ್ಸಿಲರೇಟರ್ ಒತ್ತಿದವರ ಬಗ್ಗಿ ಎರಡನೆಯದರ ಮೇಲೆಯೇ ಹಾರಿಹೋಗುತ್ತದೆ.