ರೂಟ್ ಕೆನಾಲ್ ಆದ ಮೇಲೆ ಮುಖ ಊದಿದರೆ: ಮನೆಯಲ್ಲಿ ಏನು ಮಾಡಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು

ರೂಟ್ ಕೆನಾಲ್ ಮಾಡಿಸಿದ ಹಲ್ಲು ಎರಡು ಮೂರು ದಿನ ನೋಯುವುದು ಸಹಜ. ಕಚ್ಚಿದಾಗ ಚುಳ್ಳೆನ್ನುವುದು ವಾರದವರೆಗೂ ಇರಬಹುದು. ನರ ತೆಗೆದ ಮೇಲೂ ನೋವೇಕೆ ಎಂದು ಬಹಳ ಮಂದಿ ಕೇಳುತ್ತಾರೆ. ತೆಗೆದದ್ದು ಹಲ್ಲಿನ ಒಳಗಿನ ನರ ಮಾತ್ರ. ಬೇರನ್ನು ಮೂಳೆಗೆ ಹಿಡಿದಿಟ್ಟಿರುವ ತಂತುಗಳಿಗೆ ತಮ್ಮದೇ ನರಗಳಿವೆ. ಬೇರಿನ ತುದಿಯವರೆಗೆ ಫೈಲ್ (ಒಳಗನ್ನು ಉಜ್ಜಿ ಸ್ವಚ್ಛ ಮಾಡುವ ಸೂಜಿಯಂಥ ಉಪಕರಣ) ಆಡಿಸಿದಾಗ ಆ ಜಾಗ ಕೆರಳುತ್ತದೆ. ಈ ನೋವು ಮೊದಲ 24ರಿಂದ 48 ಗಂಟೆಯೊಳಗೆ ಜೋರಾಗಿದ್ದು, ಆಮೇಲೆ ದಿನದಿಂದ ದಿನಕ್ಕೆ ಇಳಿಯಬೇಕು. ಮೂರನೆಯ ದಿನ ಎರಡನೆಯ ದಿನಕ್ಕಿಂತ ಹೆಚ್ಚು ನೋಯುತ್ತಿದ್ದರೆ ವೈದ್ಯರಿಗೆ ತಿಳಿಸಿ.

ಊತದ ವಿಷಯದಲ್ಲಿ ಮೊದಲ ಪ್ರಶ್ನೆ, ಅದು ಯಾವಾಗ ಶುರುವಾಯಿತು ಎಂಬುದು. ಕಾರಣದ ಅರ್ಧ ಸುಳಿವು ಅದರಲ್ಲೇ ಸಿಗುತ್ತದೆ.

ಚಿಕಿತ್ಸೆಯ ಕುರ್ಚಿಯಲ್ಲಿ ಇರುವಾಗಲೇ ಬೆಂಕಿ ಇಟ್ಟಂತೆ ಉರಿ ಎದ್ದು, ನಿಮಿಷಗಳಲ್ಲಿ ಕೆನ್ನೆ ಊದಿದರೆ, ಬೇರಿನೊಳಗಿನ ಕಾಲುವೆ ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಬೇರಿನ ತುದಿ ದಾಟಿ ಹೋಗಿರುವ ಸಾಧ್ಯತೆ ಇದೆ. ಕಾಲುವೆಯಿಂದ ರಕ್ತ ಬರುತ್ತದೆ, ಮರುದಿನದ ಹೊತ್ತಿಗೆ ಚರ್ಮ ನೀಲಿಗಟ್ಟುತ್ತದೆ. ನೋಡಲು ಭಯವಾದರೂ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಪೂರ್ತಿ ಇಳಿಯುತ್ತದೆ. ಆದರೂ ಇದನ್ನು ವೈದ್ಯರ ಕಣ್ಣೆದುರಿನಲ್ಲೇ ನಿಭಾಯಿಸಬೇಕು. ಮೊದಲ ದಿನ ತಣ್ಣನೆಯ ಪಟ್ಟಿ. ಬಿಸಿ ಶಾಖ ಮರುದಿನದಿಂದ, ಅದೂ ವೈದ್ಯರು ಹೇಳಿದರೆ.

ಮನೆಗೆ ಬಂದ ಕೆಲವು ಗಂಟೆಗಳಿಂದ ಎರಡು ಮೂರು ದಿನದೊಳಗೆ ಬರುವ ಬಾವಿಗೆ ಕಾರಣ ಬೇರೆ. ಸತ್ತ ನರ, ಮೊದಲೇ ಬೇರಿನ ತುದಿಯಲ್ಲಿ ಸೋಂಕು ಇದ್ದ ಹಲ್ಲುಗಳಲ್ಲಿ ಇದು ಹೆಚ್ಚು. ಸ್ವಚ್ಛ ಮಾಡುವಾಗ ಬ್ಯಾಕ್ಟೀರಿಯಾ ತುಂಬಿದ ಕಸ ಚೂರು ತುದಿಯಿಂದ ಆಚೆ ತಳ್ಳಲ್ಪಡುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಸೋಂಕು ಕೆರಳುತ್ತದೆ. ಕೆಲಸ ಎಷ್ಟೇ ಚೆನ್ನಾಗಿ ಮಾಡಿದ್ದರೂ ಹೀಗಾಗಬಹುದು. ಕಾಲುವೆಯೊಂದು ಸ್ವಚ್ಛವಾಗದೆ ಉಳಿದುಬಿಟ್ಟಿರುವುದು, ತಾತ್ಕಾಲಿಕ ಸಿಮೆಂಟು ಬಿದ್ದು ಜೊಲ್ಲು ಒಳಗಿಳಿದಿರುವುದು ಉಳಿದ ಕಾರಣಗಳು.

ಊತವಿಲ್ಲದೆ ಬರೀ ಕಚ್ಚಿದಾಗ ನೋವಿದ್ದರೆ ಒಂದು ಪರೀಕ್ಷೆ ಮಾಡಿ. ಮೆಲ್ಲಗೆ ಬಾಯಿ ಮುಚ್ಚಿ. ಉಳಿದ ಹಲ್ಲುಗಳಿಗಿಂತ ಮೊದಲು ಆ ಹಲ್ಲೇ ತಾಗುತ್ತಿದೆಯೇ? ಹಾಗಿದ್ದರೆ ಸಿಮೆಂಟು ಎತ್ತರವಾಗಿರಬಹುದು. ಪ್ರತಿ ಸಲ ಬಾಯಿ ಮುಚ್ಚಿದಾಗಲೂ ಗಾಯದ ಮೇಲೆ ಸುತ್ತಿಗೆಯ ಪೆಟ್ಟು ಬಿದ್ದ ಹಾಗೆ. ವೈದ್ಯರು ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲಿ ಸ್ವಲ್ಪ ಉಜ್ಜಿದರೆ ಐದು ನಿಮಿಷದ ಕೆಲಸ. ಇಷ್ಟಕ್ಕೇ ವಾರಗಟ್ಟಲೆ ಮಾತ್ರೆ ನುಂಗುವುದು ಬೇಡ.

ಕೆನ್ನೆ ಅಥವಾ ವಸಡು ಊದಿದ್ದರೆ ಮನೆಯಲ್ಲಿ ಹೀಗೆ ಮಾಡಿ. ಊತದ ಅಂಚನ್ನು ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಿ, ಪಕ್ಕದಲ್ಲಿ ಗಂಟೆ ಬರೆದು, ಮುಂದಿನಿಂದ ಒಂದು ಫೋಟೊ ತೆಗೆಯಿರಿ. ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿ. ಗೆರೆ ದಾಟಿದೆಯೋ ಇಲ್ಲವೋ ಎಂಬುದು ಕನ್ನಡಿ ನೋಡಿ ಅಂದಾಜು ಮಾಡುವುದಕ್ಕಿಂತ ನಂಬಿಕಸ್ಥ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹೊರಗಿನಿಂದ 10ರಿಂದ 15 ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಡಿ. ಸೋಂಕಿನ ಬಾವಿಗೆ ಕೆನ್ನೆಯ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ಮಲಗುವಾಗ ತಲೆಗೆ ಎರಡು ದಿಂಬು. ನೋವಿನ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಳ್ಳುವವರಿದ್ದಾರೆ. ಆಸ್ಪಿರಿನ್ ಹಾಗೆ ಇಟ್ಟರೆ ವಸಡು ಸುಟ್ಟು ಬೆಳ್ಳಗಾಗುತ್ತದೆ.

ನೋವಿಗೆ ವಯಸ್ಕರು ಊಟವಾದ ಮೇಲೆ ಐಬುಪ್ರೊಫೆನ್ 400 ಮಿ.ಗ್ರಾಂ ತೆಗೆದುಕೊಳ್ಳಬಹುದು. ವೈದ್ಯರು ಹೇಳದೆ ದಿನಕ್ಕೆ 1200 ಮಿ.ಗ್ರಾಂ ದಾಟಬಾರದು. ಸಾಲದಿದ್ದರೆ ಜೊತೆಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ; ಹಲ್ಲುನೋವಿಗೆ ಈ ಜೋಡಿ ಒಂದೊಂದೇ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಮಾತ್ರೆ ಹಾಳೆಯ ಹಿಂಭಾಗ ಓದಿ, ಹಲವು ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ. ಎಲ್ಲ ಸೇರಿ 24 ಗಂಟೆಯಲ್ಲಿ 4000 ಮಿ.ಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯ. ಯಕೃತ್ತಿನ ತೊಂದರೆ ಇದ್ದವರಿಗೆ ಮಿತಿ ಇನ್ನೂ ಕಡಿಮೆ. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ಇಂಥ ಮಾತ್ರೆಗಳಿಂದ ಉಬ್ಬಸ ಹೆಚ್ಚುವವರು, ರಕ್ತ ತೆಳು ಮಾಡುವ ಮಾತ್ರೆಯಲ್ಲಿರುವವರು, ಗರ್ಭಿಣಿಯರು ಐಬುಪ್ರೊಫೆನ್ ಮುಟ್ಟುವ ಮೊದಲು ವೈದ್ಯರನ್ನು ಕೇಳಲೇಬೇಕು.

ಇನ್ನು ಆ್ಯಂಟಿಬಯೋಟಿಕ್. ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಬರೀ ನೋವಿಗೆ ಅದು ಕೆಲಸ ಮಾಡುವುದಿಲ್ಲ. ನರ ಸತ್ತ ಹಲ್ಲಿನ ಕಾಲುವೆಯೊಳಗೆ ರಕ್ತವೇ ಹರಿಯುವುದಿಲ್ಲ, ಔಷಧ ಅಲ್ಲಿಗೆ ತಲುಪುವುದಾದರೂ ಹೇಗೆ? ಬಾವಿಗೆ ನಿಜವಾದ ಮದ್ದು ಕೀವನ್ನು ಹೊರಬಿಡುವುದು: ಹಲ್ಲನ್ನು ಮತ್ತೆ ತೆರೆದು ತೊಳೆಯುವುದು, ಇಲ್ಲವೇ ಬೆರಳಿಟ್ಟರೆ ಒಳಗೆ ನೀರಾಡಿದಂತಿರುವ ಮೆತ್ತನೆಯ ಊತವನ್ನು ವಸಡಿನಲ್ಲಿ ಕೊಯ್ಯುವುದು. ಜ್ವರ ಬಂದರೆ, ದವಡೆಯ ಕೆಳಗೆ ಗಂಟು ಕಟ್ಟಿದರೆ, ಊತ ಹರಡುತ್ತಿದ್ದರೆ ಆಗ ಆ್ಯಂಟಿಬಯೋಟಿಕ್ ಬೇಕು, ಆದರೆ ಕೀವು ತೆಗೆಯುವುದರ ಜೊತೆಗೆ, ಅದರ ಬದಲಿಗಲ್ಲ. ಹಳೆಯ ಚೀಟಿಯ ಉಳಿದ ಮಾತ್ರೆ ನುಂಗಿದರೆ ಊತ ಎರಡು ದಿನ ತಗ್ಗಿದಂತೆ ಕಂಡು ಮತ್ತೆ ಏಳಬಹುದು.

ಕೆಳಗಿನವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ, ತುರ್ತು ವಿಭಾಗವಿರುವ ಆಸ್ಪತ್ರೆಗೆ ಹೋಗಿ:

– ಉಗುಳು ನುಂಗಲು ಕಷ್ಟ, ಉಸಿರಿಗೆ ತೊಡಕು, ಧ್ವನಿ ಬದಲಾಗಿರುವುದು
– ನಾಲಿಗೆಯ ಕೆಳಗಿನ ಭಾಗ ಗಟ್ಟಿಯಾಗಿ ಊದಿ ನಾಲಿಗೆ ಮೇಲೆದ್ದಿರುವುದು
– ಮುಂಬಲ್ಲುಗಳ ನಡುವೆ ಎರಡು ಬೆರಳೂ ತೂರದಷ್ಟು ಬಾಯಿ ಬಿಗಿದಿರುವುದು
– ರೆಪ್ಪೆ ಊದಿ ಕಣ್ಣು ಮುಚ್ಚುತ್ತಿರುವುದು, ವಸ್ತುಗಳು ಎರಡೆರಡಾಗಿ ಕಾಣುವುದು
– ಚಳಿಜ್ವರ, ಗೆರೆ ದಾಟಿ ಗಂಟೆಗಂಟೆಗೆ ಬೆಳೆಯುವ ಊತ

ಕೆಳದವಡೆಯ ಹಿಂದಿನ ಹಲ್ಲುಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಅವುಗಳ ಬೇರಿನ ತುದಿ ಬಾಯಿಯ ತಳದ ಸ್ನಾಯುವಿಗಿಂತ ಕೆಳಗಿರುವುದರಿಂದ ಕೀವು ನೇರವಾಗಿ ಕುತ್ತಿಗೆಯ ಕಡೆಗೆ ಇಳಿಯಬಲ್ಲದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧದಲ್ಲಿರುವವರು ಸಣ್ಣ ಊತಕ್ಕೂ ಅದೇ ದಿನ ತೋರಿಸಿಕೊಳ್ಳಬೇಕು.

ಊತವೇ ಇಲ್ಲದೆ ತುಟಿ, ಗಲ್ಲ ಮರಗಟ್ಟಿಕೊಂಡೇ ಇರುವುದೂ ಒಂದು ತುರ್ತು. ಕೆಳದವಡೆಯ ಇಂಜೆಕ್ಷನ್ನಿನ ಜೋಮು ಸಾಮಾನ್ಯವಾಗಿ ಮೂರರಿಂದ ಐದು ಗಂಟೆಯಲ್ಲಿ ಬಿಡುತ್ತದೆ. ಮರುದಿನ ಬೆಳಿಗ್ಗೆಯೂ ಬಿಟ್ಟಿಲ್ಲವೆಂದರೆ ಬೇರಿನಲ್ಲಿ ತುಂಬಿದ ವಸ್ತು ದವಡೆಯ ನರದ ಕಾಲುವೆಗೆ ಇಳಿದಿರಬಹುದು. ಅದನ್ನು ಮೊದಲ ಒಂದೆರಡು ದಿನದಲ್ಲಿ ತೆಗೆದರೆ ನರ ಚೇತರಿಸುವ ಅವಕಾಶ ಹೆಚ್ಚು. ಹಾಗಾಗಿ ಅದೇ ಬೆಳಿಗ್ಗೆ ಫೋನ್ ಮಾಡಿ.

ತಿಂಗಳುಗಳಾದ ಮೇಲೆ ವಸಡಿನಲ್ಲಿ ಮೊಡವೆಯಂಥ ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿದ್ದರೆ ನೋವಿಲ್ಲವೆಂದು ಬಿಡಬೇಡಿ. ಕೀವು ದಾರಿ ಮಾಡಿಕೊಂಡಿರುವುದರಿಂದಲೇ ನೋವಿಲ್ಲ. ಆ ರಂಧ್ರದಲ್ಲಿ ಗಟ್ಟಾಪರ್ಚಾದ (ಕಾಲುವೆ ತುಂಬಲು ಬಳಸುವ ರಬ್ಬರಿನಂಥ ವಸ್ತು) ತೆಳು ಕಡ್ಡಿ ತೂರಿಸಿ ಎಕ್ಸ್-ರೇ ತೆಗೆದರೆ ಸೋಂಕಿನ ಮೂಲ ಯಾವ ಬೇರು ಎಂದು ಗೊತ್ತಾಗುತ್ತದೆ. ಮೇಲ್ದವಡೆಯ ಮೊದಲ ದೊಡ್ಡ ದವಡೆಹಲ್ಲಿನಲ್ಲಿ ಕೂದಲೆಳೆಯಂಥ ನಾಲ್ಕನೆಯ ಕಾಲುವೆ ಉಳಿದುಹೋಗುವುದು ಅಪರೂಪವಲ್ಲ. ಮತ್ತೆ ತೆರೆದು ಮಾಡಿದರೆ ಹಲ್ಲು ಉಳಿಯಬಹುದು. ಬೇರು ಉದ್ದಕ್ಕೆ ಸೀಳಿದ್ದರೆ ಸಾಮಾನ್ಯವಾಗಿ ಕೀಳುವುದೇ ದಾರಿ. ದವಡೆಹಲ್ಲಿಗೆ ಕ್ಯಾಪ್ ಹಾಕಿಸುವುದನ್ನು ಮುಂದೂಡಿದವರಲ್ಲಿ ಹಲ್ಲು ಒಡೆಯುವುದು ಹೆಚ್ಚು. ಎಲ್ಲ ಸರಿಯಿದ್ದರೂ ಒಂದು ವರ್ಷವಾದ ಮೇಲೆ ಎಕ್ಸ್-ರೇ ತೆಗೆಸಿ ನೋಡಬೇಕು. ಬೇರಿನ ತುದಿಯ ಕಪ್ಪು ಕಲೆ ಪೂರ್ತಿ ಮಾಯಲು ಕೆಲವೊಮ್ಮೆ ನಾಲ್ಕು ವರ್ಷ ಹಿಡಿಯುತ್ತದೆ.