ಅಡಕೆ ಸುಳಿಯಿಂದ ಸಣ್ಣ ಆರ್‌ಎನ್‌ಎ ತೆಗೆದದ್ದು: ನನ್ನ ಅನುಭವ

ಶಾಲೆಯ ಪಾಠದಲ್ಲಿ ಆರ್‌ಎನ್‌ಎ (ಡಿಎನ್‌ಎಯಿಂದ ನಕಲಾಗುವ ಅಣು) ಅಂದ್ರೆ ಮೂರೇ: ಜೀನಿನ ಸಂದೇಶ ಒಯ್ಯುವ ಎಂಆರ್‌ಎನ್‌ಎ, ಪ್ರೋಟೀನ್ ಕಟ್ಟಲು ತುಂಡು ತರುವ ಟಿಆರ್‌ಎನ್‌ಎ, ಪ್ರೋಟೀನ್ ಕಟ್ಟುವ ರೈಬೋಸೋಮಿನಲ್ಲಿರುವ ಆರ್‌ಆರ್‌ಎನ್‌ಎ. ಉಳಿದವುಗಳ ಹೆಸರು ಬರುವುದು ಅಪರೂಪ. ನನ್ನ ಕೆಲಸ ಆ ಉಳಿದವುಗಳ ಮೇಲೆ. ಅದಕ್ಕೆ ಬೇಕಾದ ಎಲೆ ಬರುವುದು ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಅಡಕೆ ತೋಟದಿಂದ.

ಬಲಿತ ಸೋಗೆ ಬೇಡ, ಅದರಲ್ಲಿ ಪಾಲಿಫಿನಾಲ್ (ಒಗರಿನ ವಸ್ತು) ಜಾಸ್ತಿ, ಅರೆದ ಕೂಡಲೇ ಕಂದಾಗುತ್ತದೆ. ಬಿಚ್ಚದ ಸುಳಿ ಒಳ್ಳೆಯದು. ದೊಡ್ಡ ಮರದ ಸುಳಿ ಮುಟ್ಟಲು ಅಪ್ಪ ಬಿಡುವುದಿಲ್ಲ, ಅದು ನ್ಯಾಯವೇ, ಹಾಗಾಗಿ ಸಸಿಗಳಿಂದ ಸಣ್ಣ ತುಂಡು ಕತ್ತರಿಸಿ ತಕ್ಷಣ ದ್ರವ ಸಾರಜನಕಕ್ಕೆ ಹಾಕುತ್ತೇನೆ. ಅರೆದ ಪುಡಿಗೆ ಜೀವಕೋಶ ಒಡೆಯುವ, ಸಾಬೂನಿನಂಥ ಸಿಟಿಎಬಿಯ ಬಿಸಿ ದ್ರಾವಣ, ಜೊತೆಗೆ ಪಾಲಿಫಿನಾಲ್ ಹಿಡಿಯುವ ಪಿವಿಪಿ ಮತ್ತು ಕಂದಾಗದಂತೆ ತಡೆಯುವ ಮರ್ಕ್ಯಾಪ್ಟೋಎಥನಾಲ್. ಆಮೇಲೆ ಪ್ರೋಟೀನ್ ಬೇರ್ಪಡಿಸಲು ಕ್ಲೋರೋಫಾರ್ಮ್.

ಮುಖ್ಯ ಜಾಗ ಇಲ್ಲಿದೆ. ಎಲ್ಲರೂ ಲಿಥಿಯಂ ಕ್ಲೋರೈಡ್ ಹಾಕಿ ರಾತ್ರಿಯಿಡೀ ತಣ್ಣಗಿಟ್ಟು, ತಳಕ್ಕೆ ಕೂತದ್ದನ್ನು ಇಟ್ಟುಕೊಂಡು ಮೇಲಿನ ನೀರು ಚೆಲ್ಲುತ್ತಾರೆ. ತಳಕ್ಕೆ ಕೂರುವುದು ದೊಡ್ಡ ಆರ್‌ಎನ್‌ಎ. ಸಣ್ಣವು ಹೆಚ್ಚಾಗಿ ಮೇಲಿನ ನೀರಿನಲ್ಲೇ ಉಳಿಯುತ್ತವೆ! ನಾನು ಆ ನೀರನ್ನೇ ಎತ್ತಿಟ್ಟು, ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಉಪ್ಪು ಹಾಕಿ ಡಿಎನ್‌ಎ ಇಳಿಸಿ, ಉಳಿದದ್ದಕ್ಕೆ ಎಥನಾಲ್ ಸೇರಿಸಿ ಸಣ್ಣ ಆರ್‌ಎನ್‌ಎ ಇಳಿಸಿದೆ. ಆರ್‌ಎನ್‌ಎಗಳನ್ನು ಉದ್ದದ ಪ್ರಕಾರ ಬೇರ್ಪಡಿಸಲು ಯೂರಿಯಾ ಬೆರೆಸಿದ 15% ಪಾಲಿಅಕ್ರಿಲಮೈಡ್ ಜೆಲ್‌ನಲ್ಲಿ ಓಡಿಸಿದಾಗ 5ಎಸ್ (ಒಂದು ಸಣ್ಣ ಆರ್‌ಆರ್‌ಎನ್‌ಎ) ಮತ್ತು ಟಿಆರ್‌ಎನ್‌ಎ ಗೆರೆಗಳು ದಪ್ಪಗೆ ಕಂಡವು, ಅವುಗಳ ಕೆಳಗೆ ತೀರಾ ಮಸುಕಾಗಿ 21ರಿಂದ 24 ಅಕ್ಷರ (ಆರ್‌ಎನ್‌ಎ ಸರದ ಒಂದೊಂದು ಮಣಿ, ನ್ಯೂಕ್ಲಿಯೊಟೈಡ್) ಉದ್ದದವು. ಆ ಮಸುಕು ಗೆರೆ ಕಂಡಾಗ ಆದ ಖುಷಿ ಈಗಲೂ ಇದೆ.

ಅವು ಸುಮ್ನೆ ಇರುವ ಚೂರುಗಳಲ್ಲ. 21ರ ಆಸುಪಾಸಿನ ಮೈಕ್ರೋ ಆರ್‌ಎನ್‌ಎ ಒಂದು ಜೀನಿನ ಸಂದೇಶವನ್ನು ತುಂಡರಿಸಿ ಅಥವಾ ತಡೆದು ಪ್ರೋಟೀನ್ ಆಗದಂತೆ ಮಾಡುತ್ತದೆ. ಇಂಥದ್ದನ್ನು ಮೊದಲು ಹುಳುವಿನಲ್ಲಿ ಕಂಡದ್ದು 1993ರಲ್ಲಿ, ಕಂಡುಹಿಡಿದ ವಿಜ್ಞಾನಿಗಳಾದ ಆ್ಯಂಬ್ರೋಸ್ ಮತ್ತು ರವ್‌ಕುನ್‌ಗೆ ಅದಕ್ಕೆ ನೊಬೆಲ್ ಬಂದದ್ದು 2024ರಲ್ಲಿ. ಗಿಡಗಳಲ್ಲಿ 24 ಅಕ್ಷರದವು ಡಿಎನ್‌ಎಯಲ್ಲಿ ಜಾಗ ಬದಲಿಸುವ ‘ಜಿಗಿಯುವ ಜೀನು’ಗಳ ಬಾಯಿ ಮುಚ್ಚಿಸುತ್ತವೆ. ಸ್ವಲ್ಪ ಉದ್ದದ ಸ್ನೋ ಆರ್‌ಎನ್‌ಎಗಳು ರೈಬೋಸೋಮಿನ ಆರ್‌ಎನ್‌ಎಯಲ್ಲಿ ಎಲ್ಲಿ ಮೀಥೈಲ್ ಗುಂಪು (ಒಂದು ಪುಟ್ಟ ರಾಸಾಯನಿಕ ಗುರುತು) ಅಂಟಿಸಬೇಕು ಅಂತ ತೋರಿಸಿಕೊಡುತ್ತವೆ.

ನನಗೆ ಜಾಸ್ತಿ ಕುತೂಹಲ ಉಂಗುರದಂಥ ಆರ್‌ಎನ್‌ಎಗಳ ಮೇಲೆ. ಫಿಲಿಪ್ಪೀನ್ಸ್‌ನಲ್ಲಿ ತೆಂಗಿನ ಮರ ಕೊಲ್ಲುವ ಕಡಾಂಗ್-ಕಡಾಂಗ್ ರೋಗಕ್ಕೆ ಕಾರಣ ಕೇವಲ 246 ಅಕ್ಷರದ ಒಂದು ಉಂಗುರ, ಒಂದು ಪ್ರೋಟೀನನ್ನೂ ಮಾಡದು. ತೆಂಗು ನಂಬಿದ ನಮ್ಮ ಊರಿನವರು ಇದನ್ನು ತಿಳಿದಿರಬೇಕು ಅಲ್ವಾ?

ಒಂದು ಮಾತು, ಸೀಕ್ವೆನ್ಸಿಂಗ್‌ಗೆ (ಅಕ್ಷರಗಳ ಕ್ರಮ ಓದಿಸಲು) ಕಳಿಸುವವರಿಗೆ. ಪಾಲಿ-ಎ ಬಾಲ (ಎಂಆರ್‌ಎನ್‌ಎ ತುದಿಯ ‘ಎ’ ಅಕ್ಷರಗಳ ಸಾಲು) ಹಿಡಿದು ಆರಿಸುವ ಕಿಟ್‌ನಲ್ಲಿ ಬಾಲವಿಲ್ಲದ ಇವೆಲ್ಲ ಜಾರಿಹೋಗುತ್ತವೆ. ಸಣ್ಣವಕ್ಕೆ ಬೇರೆ ಲೈಬ್ರರಿ (ಓದಿಸಲು ಸಿದ್ಧಮಾಡಿದ ಮಾದರಿ) ಬೇಕು, ಉಂಗುರಗಳಿಗೆ ಮೊದಲು ಆರ್‌ಎನ್‌ಏಸ್ ಆರ್ ಎಂಬ ಕಿಣ್ವ ಹಾಕಿ ನೇರ ಎಳೆಗಳನ್ನು ಕರಗಿಸಬೇಕು. ಯಾವ ವಿಧಾನ ಬಳಸುತ್ತಾರೆ ಅಂತ ಕಳಿಸುವ ಮೊದಲೇ ಕೇಳಿ ಬರೆಸಿಕೊಳ್ಳಿ.